ನಾನು ಒಪ್ಪದ ಡ್ರಾ

ವಯಸ್ಸಾದಂತೆ ಕೋಪ ಕರಗಿಹೋಗುತ್ತದೆ ಎನ್ನುತ್ತಾರೆ. ನನ್ನದು ಕರಗಿಲ್ಲ. ಎಪ್ಪತ್ತರ ದಶಕದ ಕೊನೆಯ ಆ ಮೂರು ದಿನಗಳನ್ನು ನೆನೆದರೆ ಈಗಲೂ ಕೈಯಲ್ಲಿರುವ ಲೋಟವನ್ನು ಕೆಳಗಿಟ್ಟುಬಿಡುತ್ತೇನೆ. ಇಲ್ಲವಾದರೆ ಚೆಲ್ಲುತ್ತದೆ.

ಆಗ ನಾನು ಯಶವಂತಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಮನೆಗಳ ಗೋಡೆಗೆ ಹಾಕುವ ಕರೆಂಟ್ ಮೀಟರುಗಳನ್ನು ಜೋಡಿಸುವ ಕೆಲಸ. ಉದ್ದ ಮೇಜಿನ ಎರಡೂ ಬದಿ ಹುಡುಗಿಯರು ಸಾಲಾಗಿ ಕೂತು, ಚಿಮುಟದಲ್ಲಿ ಸಣ್ಣ ಸಣ್ಣ ಹಲ್ಲಿನ ಚಕ್ರಗಳನ್ನು ಎತ್ತಿ ಕೂರಿಸುತ್ತಿದ್ದೆವು. ಮನೆ ಯಲಹಂಕದಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು. ಚೆಸ್ ಕಲಿಸಿದವರೂ ಅವರೇ. ಬೆಳಿಗ್ಗೆ ಯಲಹಂಕದಿಂದ ಪ್ಯಾಸೆಂಜರ್ ರೈಲು ಹತ್ತಿದರೆ ಯಶವಂತಪುರದಲ್ಲಿ ಇಳಿಯುವವರೆಗೂ ತಲೆಯೊಳಗೆ ಒಂದಲ್ಲ ಒಂದು ಆಟ ನಡೆಯುತ್ತಿರುತ್ತಿತ್ತು. ಎದುರು ಕೂತ ಹೂವಿನವರು ಬುಟ್ಟಿ ಸರಿಸಿ, "ಏನಮ್ಮ, ಒಬ್ಬಳೇ ತುಟಿ ಆಡಿಸ್ತೀಯ?" ಎಂದು ಕೇಳುತ್ತಿದ್ದರು.

ಆ ಭಾಗದ ಕಾರ್ಖಾನೆಗಳೆಲ್ಲ ಸೇರಿ ಪ್ರತಿ ವರ್ಷ ಚೆಸ್ ಪಂದ್ಯ ನಡೆಸುತ್ತಿದ್ದವು. ನಮ್ಮ ತಂಡದಲ್ಲಿ ನಾಲ್ಕು ಜನ. ಕ್ಯಾಪ್ಟನ್ ಲೆಕ್ಕಪತ್ರ ವಿಭಾಗದ ದೊಡ್ಡ ಗುಮಾಸ್ತರು. ಇನ್ನಿಬ್ಬರು ಅವರ ವಿಭಾಗದವರೇ. ನಾಲ್ಕನೆಯವಳು ನಾನು. ನನ್ನನ್ನು ತೆಗೆದುಕೊಂಡದ್ದೂ ಪ್ರೀತಿಯಿಂದಲ್ಲ. ಆಡಬೇಕಿದ್ದವರಿಗೆ ಕಾಮಾಲೆಯಾಗಿತ್ತು, ಬೇರೆ ಯಾರೂ ಸಿಗಲಿಲ್ಲ. "ಬೋರ್ಡ್ ಖಾಲಿ ಬಿಡೋದಕ್ಕಿಂತ ಯಾರೋ ಒಬ್ರು ಕೂತಿರ್ಲಿ ಬಿಡಿ" ಎಂದು ಕ್ಯಾಪ್ಟನ್ ನನ್ನೆದುರೇ ಹೇಳಿದ್ದರು. ಮೊದಲ ಸುತ್ತುಗಳಲ್ಲಿ ಗೆದ್ದಾಗಲೂ ಅವರ ಮಾತಿನ ಧಾಟಿ ಬದಲಾಗಲಿಲ್ಲ. ಎದುರಾಳಿಗಳು ಹೆಣ್ಣುಮಗಳೆಂದು ಅಲಕ್ಷ್ಯ ಮಾಡಿ ಸೋತರಂತೆ.

ಕೊನೆಯ ಸುತ್ತು ಒಂದು ಶನಿವಾರ ಮಧ್ಯಾಹ್ನ. ಯಶವಂತಪುರದಲ್ಲೇ ಒಂದು ಸಂಘದ ಹಾಲ್. ನನ್ನ ಎದುರಾಳಿ ತುಮಕೂರು ರಸ್ತೆಯ ಕಾರ್ಖಾನೆಯೊಂದರ ಫೋರ್‌ಮನ್. ತಲೆಗೂದಲು ಬೆಳ್ಳಗಾಗಿದ್ದ, ಮಾತು ಕಡಿಮೆಯ ಮನುಷ್ಯ. ಸಂಜೆಯಾದರೂ ನಮ್ಮ ಆಟ ಮುಗಿಯಲಿಲ್ಲ. ಆ ಕಾಲದಲ್ಲಿ ಹೊತ್ತು ಮೀರಿದರೆ ಆಟವನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ನಡೆ ಯಾರದ್ದೋ ಅವರು ತಮ್ಮ ಮುಂದಿನ ನಡೆಯನ್ನು ಬರೆದು ಕವರಿನಲ್ಲಿ ಹಾಕಿ ತೀರ್ಪುಗಾರರಿಗೆ ಕೊಡಬೇಕು. ಒಂದು ದಿನ ಬಿಟ್ಟು, ಸೋಮವಾರ ಸಂಜೆ, ಅಲ್ಲಿಂದಲೇ ಮುಂದುವರಿಸಬೇಕು. ಅಂದು ನಡೆ ಫೋರ್‌ಮನ್ನರದ್ದು.

ಆಟ ನಿಂತ ಕ್ಷಣವನ್ನು ಸ್ವಲ್ಪ ವಿವರಿಸಲೇಬೇಕು, ಏಕೆಂದರೆ ಜಗಳವೆಲ್ಲ ಅದರದ್ದೇ. ಇಬ್ಬರಿಗೂ ರಾಣಿ ಉಳಿದಿದ್ದಳು. ಆನೆ, ಕುದುರೆ, ಒಂಟೆ ಎಲ್ಲ ಹೋಗಿದ್ದವು. ನನ್ನದೊಂದು ಪಾನ್, ಅಂದರೆ ಕಾಲಾಳು, ಎಡಭಾಗದಲ್ಲಿ ಯಾರ ಅಡ್ಡಿಯೂ ಇಲ್ಲದೆ ಮುಂದೆ ಹೋಗಿ, ಇನ್ನೊಂದೇ ಮನೆ ಮುಂದಿಟ್ಟರೆ ರಾಣಿಯಾಗುವಂತೆ ನಿಂತಿತ್ತು. ಅವರದೂ ಒಂದು ಪಾನ್ ನಡುವಿನ ಸಾಲಿನಲ್ಲಿ ಹಾಗೆಯೇ ಇಳಿದು ಬರುತ್ತಿತ್ತು. ಅದಲ್ಲದೆ ಬಲಭಾಗದಲ್ಲಿ ಅವರ ರಾಜನ ಮುಂದೆ ಮೂರು ಪಾನುಗಳು ಕಾಂಪೌಂಡಿನಂತೆ ನಿಂತಿದ್ದವು. ನನ್ನ ರಾಜನ ಸುತ್ತ ಮಾತ್ರ ಏನೂ ಇಲ್ಲ, ಬಟ್ಟಬಯಲು. ನನ್ನ ಪಾನ್ ಮುಂದೆ ಹೋಗಬೇಕಾದ ಮನೆಯನ್ನು ಅವರ ರಾಣಿ ಕಾಯುತ್ತಿದ್ದಳು. ನಾನೇನೇ ಮಾಡಹೊರಟರೂ ಅವರು ಚೆಕ್ ಕೊಡುತ್ತಾರೆ, ನಾನು ರಾಜನನ್ನು ಸರಿಸಬೇಕು, ಮತ್ತೆ ಚೆಕ್. ಹೀಗೆ ಕೊನೆಯೇ ಇಲ್ಲದೆ ಚೆಕ್ ಕೊಡುತ್ತ ಹೋದರೆ ಆಟ ಡ್ರಾ.

ಫೋರ್‌ಮನ್ ಹೋದದ್ದೇ ತಡ, ನಮ್ಮವರು ಬೋರ್ಡನ್ನು ಸುತ್ತುವರಿದರು. ಕ್ಯಾಪ್ಟನ್ ನನ್ನ ಕುರ್ಚಿಯಲ್ಲೇ ಕೂತರು. ನಾನು ಪಕ್ಕದಲ್ಲಿ ನಿಂತು ಬಗ್ಗಿದೆ.

"ಸ್ವಲ್ಪ ಆ ಕಡೆ ನಿಂತ್ಕೊಳಮ್ಮ, ಬೆಳಕಿಗೆ ಅಡ್ಡ ಬರ್ತಿದೀಯ."

ನನ್ನ ಆಟ. ನಾನು ಇಡೀ ಮಧ್ಯಾಹ್ನ ಬೆನ್ನು ಬಗ್ಗಿಸಿ ತಂದು ನಿಲ್ಲಿಸಿದ ಆಟ. ನಾನು ಬೆಳಕಿಗೆ ಅಡ್ಡ.

ಅವರು ಒಂದು ನಡೆ ಹಾಕುತ್ತಿದ್ದರು, ತಲೆಯಾಡಿಸಿ ವಾಪಸ್ ಇಡುತ್ತಿದ್ದರು. ಒಬ್ಬರು ನಡುವಿನ ಪಾನನ್ನು ರಾಣಿಯಿಂದ ಹೊಡೆದುಬಿಡೋಣ ಎಂದರು. ಹೊಡೆದರೆ ನನ್ನ ಪಾನಿಗೆ ಕಾವಲು ತಪ್ಪಿ ಅದು ಹೋಗುತ್ತಿತ್ತು. ನಾನು ಕೈ ಚಾಚಿ, "ಸಾರ್, ರಾಜನ್ನ ಮುಂದಕ್ಕೆ ತಗೊಂಡ್ ಹೋದ್ರೆ..." ಎಂದೆ.

ಮೂವರೂ ನಕ್ಕರು. "ರಾಣಿ ಇರೋವಾಗ ರಾಜನ್ನ ಬೀದಿಗೆ ಬಿಡ್ತಾರೇನಮ್ಮ?" ಎಂದರು ಕ್ಯಾಪ್ಟನ್. "ಇದು ಡ್ರಾ. ಡ್ರಾ ಆದ್ರೆ ನಮಗೆ ಎರಡನೇ ಸ್ಥಾನ ಗ್ಯಾರಂಟಿ. ಸುಮ್ನೆ ಆಸೆ ಪಟ್ಟು ಅದನ್ನೂ ಕಳ್ಕೋಬೇಡ."

ಮುಖ ಬಿಸಿಯಾಗಿ ಅಲ್ಲಿಂದ ಹೊರಟೆ. ರೈಲಿನಲ್ಲಿ ಕೂತಾಗಲೂ ಅದೇ ಉರಿ. ಆದರೆ ಹೆಬ್ಬಾಳದ ಹತ್ತಿರ ಬರುವಷ್ಟರಲ್ಲಿ ಮತ್ತೆ ಬೋರ್ಡು ಕಣ್ಮುಂದೆ ಬಂತು. ರಾಜನನ್ನು ಹಿಂದೆ ಬಚ್ಚಿಡಲು ಜಾಗವಿಲ್ಲ, ನಿಜ. ಹಾಗಾದರೆ ಮುಂದೆ? ಅವರ ರಾಜನ ಬಾಗಿಲಿಗೇ ಹೋಗಿ, ಅವರ ಮೂರು ಪಾನುಗಳ ಮರೆಯಲ್ಲೇ ನಿಂತರೆ? ಅವರ ಕಾಂಪೌಂಡ್ ಅವರ ರಾಣಿಗೇ ಅಡ್ಡಿಯಾಗುವುದಿಲ್ಲವೇ?

ಇದನ್ನು ಆಡಿ ನೋಡಲು ಎದುರಿಗೆ ಯಾರಾದರೂ ಬೇಕಿತ್ತು. ಅಪ್ಪ ಆ ವಾರ ಗುಂತಕಲ್ಲಿಗೆ ಡ್ಯೂಟಿ ಮೇಲೆ ಹೋಗಿದ್ದರು. ಭಾನುವಾರ ಊಟ ಮುಗಿಸಿ, ಪೆಟ್ಟಿಗೆಯಂಥ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಆರ್.ಟಿ. ನಗರಕ್ಕೆ ಬಸ್ಸು ಹತ್ತಿದೆ. ಅಲ್ಲಿ ನನ್ನ ಗೆಳತಿಯ ಮನೆ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಸ್ಟೂಲು ಅವಳದು. ಮನೆಮಾತು ದಖನಿ ಉರ್ದು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಚೆಸ್ ಅವಳಿಗೆ ಬರುತ್ತಿರಲಿಲ್ಲ.

"ನಂಗ್ಯಾಕೇ ಇದೆಲ್ಲ?" ಎಂದಳು.

"ನೀನು ಆಟ ಆಡ್ಬೇಡ. ರಾಣಿ ಹೆಂಗ್ ನಡೀತಾಳೆ ಅಂತ ಹೇಳ್ಕೊಡ್ತೀನಿ. ಚೆಕ್ ಕೊಡ್ತಾ ಹೋಗು, ಅಷ್ಟೇ. ನನ್ನ ರಾಜನ್ನ ಬಿಡ್ಬೇಡ."

"ಶೆಹ್ ಕೊಡ್ತಾನೇ ಇರ್ಬೇಕು. ಅಷ್ಟೇನಾ?" ಅವರ ಮನೆಮಾತಿನಲ್ಲಿ ಚೆಕ್ ಅಂದರೆ ಶೆಹ್.

"ಅಷ್ಟೇ."

"ಅದು ಬರತ್ತೆ ನಂಗೆ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಅವರ ಮನೆಯ ಹಿಂದೆ ಇನ್ನೂ ಮನೆ ಕಟ್ಟದ ಸೈಟುಗಳು, ಅಲ್ಲಿ ಮೇಯುವ ಮೇಕೆಗಳು. ಹಿತ್ತಲ ಬಾಗಿಲಿನ ಬೆಳಕಿನಲ್ಲಿ ನಾವು ಕೂತೆವು. ಅವಳು ನನ್ನ ರಾಜನ ಬೆನ್ನು ಬಿದ್ದಳು. ಕರುಣೆಯೇ ಇಲ್ಲ. ನಾನು ಒಂದು ಹೆಜ್ಜೆ ಇಟ್ಟರೆ "ಶೆಹ್", ಇನ್ನೊಂದು ಇಟ್ಟರೆ "ಶೆಹ್". ಮೊದಲ ಸಲ ನಾನು ರಾಜನನ್ನು ಎಡಕ್ಕೆ ಸರಿಸಿದಾಗ ಅವನು ನನ್ನ ರಾಣಿ ನಿಂತಿದ್ದ ಸಾಲಿಗೇ ಬಂದುಬಿಟ್ಟ. ಅವಳು ಬೋರ್ಡಿನ ತಳದಿಂದ ನೇರ ಚೆಕ್ ಕೊಟ್ಟಳು. ರಾಜ ಸರಿಯಲೇಬೇಕು. ಸರಿದರೆ ಅವನ ಹಿಂದಿದ್ದ ರಾಣಿ ಗುರಿಗೆ ಸಿಕ್ಕಳು.

"ಹೋಯ್ತು ನಿನ್ ರಾಣಿ!" ಎಂದು ಅವಳು ಚಪ್ಪಾಳೆ ತಟ್ಟಿದಳು. ಚೆಸ್ ಬಾರದವಳಿಗೆ ಅದು ಕಂಡಿತು. ನನಗೆ ಕಂಡಿರಲಿಲ್ಲ. ಬೋರ್ಡನ್ನು ಮತ್ತೆ ಜೋಡಿಸಿದೆ.

ಇನ್ನೊಮ್ಮೆ, ಮತ್ತೊಮ್ಮೆ. ಒಂದು ದಾರಿಯಲ್ಲಿ ಹೋದರೆ ರಾಜ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತಿದ್ದ. ಇನ್ನೊಂದರಲ್ಲಿ ನನ್ನ ಪಾನ್ ಹೋಗುತ್ತಿತ್ತು. ನಮ್ಮ ಗಲಾಟೆ ಕೇಳಿ ಅವಳ ತಾಯಿ ಅಡುಗೆಮನೆಯಿಂದ ಬಂದು, "ಕೈಕು ಝಗಡಾ ಮಾ?" ಎಂದು ಕೇಳಿ, ಜಗಳವಲ್ಲವೆಂದು ತಿಳಿದ ಮೇಲೆ ಚಹಾ ಇಟ್ಟು ಹೋದರು. ಚಹಾ ಆರಿತು. ರಾಜ ಬಲಬದಿಯ ಅಂಚಿಗೆ ಅಂಟಿಕೊಂಡು, ಒಂದೊಂದೇ ಮನೆ ಮೇಲೇರುತ್ತ, ಅವರ ಪಾನುಗಳ ಸಂದಿಗೆ ಹೋಗಿ ನಿಂತಾಗ ಗೆಳತಿಯ ಕೈ ಗಾಳಿಯಲ್ಲೇ ನಿಂತಿತು.

"ಇಲ್ಲಿಂದ ಕೊಡಕ್ಕಾಗಲ್ಲ. ಈ ಪಾನ್ ಅಡ್ಡ ಇದೆ."

"ಆ ಕಡೆಯಿಂದ?"

"ಅಲ್ಲೂ ಒಂದು ಅಡ್ಡ ಇದೆ." ಬಗ್ಗಿ ನೋಡಿದಳು. "ಓರೆಯಾಗಿ ಒಂದೇ ಒಂದು ದಾರಿ ಇದೆ. ತಗೋ, ಶೆಹ್!"

ನಾನು ನನ್ನ ರಾಣಿಯನ್ನು ತಂದು ನಡುವೆ ನಿಲ್ಲಿಸಿದೆ. ಅವಳು ಹೊಡೆದರೆ ನನ್ನ ರಾಜ ಹೊಡೆಯುತ್ತಾನೆ. ರಾಣಿಯರಿಬ್ಬರೂ ಹೋಗುತ್ತಾರೆ. ಆಮೇಲೆ ನನ್ನ ಪಾನನ್ನು ತಡೆಯಲು ಯಾರೂ ಇಲ್ಲ, ಅದು ರಾಣಿಯಾಗುತ್ತದೆ, ಅದೂ ಚೆಕ್ ಕೊಡುತ್ತಲೇ. ಹೊಡೆಯದಿದ್ದರೆ ಮೂಲೆಯಲ್ಲಿ ಅವರ ರಾಜನಿಗೆ ಉಸಿರಾಡಲು ಜಾಗವಿಲ್ಲ. ಮೇಟ್. ಅವರ ಮೂರು ಪಾನುಗಳಲ್ಲಿ ಒಂದನ್ನೂ ನಾನು ಮುಟ್ಟಬಾರದಿತ್ತು. ಅವೇ ನನ್ನ ಗೋಡೆ.

"ಗೆದ್ವಾ?" ಎಂದಳು.

"ಗೆದ್ವಿ."

"ಮತ್ತೆ ಆ ಸಾರ್‌ಗಳು ಡ್ರಾ ಅಂದ್ರು ಅಂದೆ?"

ಸೋಮವಾರ ಕೆಲಸ ಮುಗಿಸಿ, ಕೈತೊಳೆದು, ಇಬ್ಬರೂ ಹಾಲಿಗೆ ನಡೆದೆವು. ಅವಳು ನೋಡಲೇಬೇಕೆಂದು ಹಟ ಹಿಡಿದಿದ್ದಳು. ಒಳಗೆ ಹೋದರೆ ನನ್ನ ಮೇಜು ಖಾಲಿ. ಬೋರ್ಡ್ ಮಡಚಿತ್ತು. ಕ್ಯಾಪ್ಟನ್ ಎದುರು ತಂಡದ ಕ್ಯಾಪ್ಟನ್ ಜೊತೆ ಕಿಟಕಿಯ ಬಳಿ ಬಾಳೆಹಣ್ಣು ತಿನ್ನುತ್ತಾ ನಿಂತಿದ್ದರು.

"ಅಯ್ಯೋ, ಬಂದ್ಯಾ? ಹೇಳಿ ಕಳಿಸ್ಬೇಕಿತ್ತು. ಮಧ್ಯಾಹ್ನನೇ ಫೋನ್ ಮಾಡಿ ಡ್ರಾ ಮಾಡ್ಬಿಟ್ವಿ. ಅವರಿಗೆ ಮೊದಲನೇ ಸ್ಥಾನ, ನಮಗೆ ಎರಡನೇದು. ಎಲ್ರಿಗೂ ಒಳ್ಳೇದಾಯ್ತು."

"ಯಾರನ್ನ ಕೇಳಿ ಸಾರ್?"

"ಕೇಳೋದೇನಮ್ಮ? ನಾನು ಕ್ಯಾಪ್ಟನ್."

ಮೂಲೆಯ ಬೆಂಚಿನಲ್ಲಿ ಫೋರ್‌ಮನ್ ಚಪ್ಪಲಿ ಹಾಕಿಕೊಳ್ಳುತ್ತಿದ್ದರು, ಹೊರಡುವವರಂತೆ. ನೇರ ಅವರ ಹತ್ತಿರ ಹೋದೆ. "ಸಾರ್, ನಾನು ಡ್ರಾಗೆ ಒಪ್ಪಿಲ್ಲ."

ಅವರು ತಲೆಯೆತ್ತಿದರು. "ನೀವೇ ಒಪ್ಪಿದ್ರಿ ಅಂದ್ರಲ್ಲಮ್ಮ. ಮೈ ಹುಷಾರಿಲ್ಲ, ಮುಂದೆ ಆಡಲ್ಲ ಅಂತ ಹೇಳಿದ್ರಂತೆ."

ಕೇಳದೆ ಮಾಡಿದ್ದು ಒಂದು. ನನ್ನ ಬಾಯಲ್ಲಿ ಇಲ್ಲದ ಮಾತು ತುರುಕಿ, ನನ್ನ ಮೈಗೆ ಇಲ್ಲದ ಕಾಯಿಲೆ ಹಚ್ಚಿದ್ದು ಇನ್ನೊಂದು. ತಿರುಗಿ ನೋಡಿದೆ. ಕ್ಯಾಪ್ಟನ್ ಬಾಳೆಹಣ್ಣಿನ ಸಿಪ್ಪೆಯನ್ನು ಎಲ್ಲಿ ಹಾಕುವುದೆಂದು ಹುಡುಕುತ್ತಿದ್ದರು.

"ನನ್ ಮೈ ಚೆನ್ನಾಗೇ ಇದೆ" ಎಂದೆ. ಹಾಲಿನಲ್ಲಿದ್ದವರೆಲ್ಲ ತಿರುಗುವಷ್ಟು ಜೋರಾಗಿ ಎಂದೆ. "ಸುಳ್ಳು ಹೇಳಿದ್ದಾರೆ."

"ಏಯ್, ಮಾತಿನ ಮೇಲೆ ನಿಗಾ ಇರ್ಲಿ" ಎಂದರು ಕ್ಯಾಪ್ಟನ್. "ಹೆಣ್ಣುಮಗಳು ಅಂತ ಸುಮ್ನಿದ್ದೀನಿ. ನಾಳೆ ಕೆಲಸಕ್ಕೆ ಬರ್ಬೇಕಲ್ವಾ ನೀನು?"

ಆ ಮಾತಿಗೆ ಗೆಳತಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು, ತಡೆಯುವುದಕ್ಕೋ ತಳ್ಳುವುದಕ್ಕೋ ತಿಳಿಯಲಿಲ್ಲ. ನಾನು ತೀರ್ಪುಗಾರರ ಮೇಜಿನ ಮುಂದೆ ಹೋಗಿ ನಿಂತೆ. ನಿವೃತ್ತ ಮೇಷ್ಟರು, ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಬೇಕಾಯಿತು. ಅವರು ಆಟದ ಹಾಳೆ ತೆಗೆದು ನೋಡಿದರು.

"ಇದರಲ್ಲಿ ನಿನ್ನ ಸಹಿ ಇಲ್ಲ. ಡ್ರಾ ಅನ್ನೋದು ಆಡೋರಿಬ್ಬರ ನಡುವಿನ ಮಾತು. ಕ್ಯಾಪ್ಟನ್ ಸಲಹೆ ಕೊಡಬಹುದು, ಅಷ್ಟೇ." ಫೋರ್‌ಮನ್ನರ ಕಡೆ ತಿರುಗಿದರು. "ನೀವೇನಂತೀರಿ?"

ಅವರ ಕ್ಯಾಪ್ಟನ್ ಬೇಡವೆಂದು ತಲೆಯಾಡಿಸುತ್ತಿದ್ದರು. ಫೋರ್‌ಮನ್ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗೆ ತಳ್ಳಿ, "ಆಡೋಣ" ಎಂದರು.

ಕಾಯಿಗಳನ್ನು ಟಪಟಪನೆ ಕುಟ್ಟಿ ಜೋಡಿಸಿದೆ. ನಮ್ಮ ಕ್ಯಾಪ್ಟನ್‌ಗೆ ಏನಾದರೂ ಮಾಡಬೇಕೆನ್ನಿಸುತ್ತಿತ್ತು, ಮಾಡಲು ಸಿಕ್ಕಿದ್ದು ಚೆಸ್ ಕಾಯಿಗಳು ಮಾತ್ರ. ತೀರ್ಪುಗಾರರು ಕವರ್ ಒಡೆದರು. ಎಲ್ಲರೂ ಊಹಿಸಿದ್ದ ಚೆಕ್ಕೇ ಅದು. ಗಡಿಯಾರ ಓಡತೊಡಗಿತು. ಕೋಪದಲ್ಲಿ ರಾಜನನ್ನು ಥಟ್ಟನೆ ಎತ್ತಿ ಎಡಕ್ಕೆ ಇಡಲು ಹೊರಟೆ ಎನ್ನುವಾಗ, "ಹೋಯ್ತು ನಿನ್ ರಾಣಿ" ಎಂದು ಗೆಳತಿ ಚಪ್ಪಾಳೆ ತಟ್ಟಿದ್ದು ನೆನಪಾಯಿತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಉಸಿರು ಸರಿಹೋಗುವವರೆಗೂ ಹಾಗೇ ಕೂತೆ. ಆಮೇಲೆ ರಾಜನನ್ನು ಬಲ ಅಂಚಿನ ಕಡೆ ಸರಿಸಿದೆ.

ಚೆಕ್. ಒಂದು ಮನೆ ಮೇಲೆ. ಚೆಕ್. ಇನ್ನೊಂದು ಮನೆ ಮೇಲೆ. ನಮ್ಮ ತಂಡದವರು ಬೆನ್ನ ಹಿಂದೆ ಪಿಸುಗುಟ್ಟುತ್ತಿದ್ದರು, "ಹುಚ್ಚಿ, ಬೀದಿಗೆ ಬಿಟ್ಳು ರಾಜನ್ನ" ಎಂದು. ಫೋರ್‌ಮನ್ ಮೊದಮೊದಲು ಬೇಗ ಬೇಗ ಆಡುತ್ತಿದ್ದವರು ನಿಧಾನವಾದರು. ಕನ್ನಡಕ ತೆಗೆದು ಒರೆಸಿದರು. ನನ್ನ ರಾಜ ಅವರ ಪಾನುಗಳ ಸಂದಿಗೆ ಹೋಗಿ ನಿಂತಾಗ ಬಹಳ ಹೊತ್ತು ಬೋರ್ಡನ್ನೇ ನೋಡಿದರು. ಕೊನೆಗೆ ಆ ಓರೆಯ ಚೆಕ್ ಕೊಟ್ಟರು. ನಾನು ರಾಣಿಯನ್ನು ನಡುವೆ ತಂದಿಟ್ಟೆ.

ಅವರು ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿದರು. "ಇದು ನಂಗೆ ಕಾಣ್ಲೇ ಇಲ್ಲಮ್ಮ" ಎಂದು ಕೈ ಕುಲುಕಿದರು. ಮೊದಲ ಸ್ಥಾನ ಅವರ ತಂಡದ ಕೈತಪ್ಪಿ ನಮಗೆ ಬಂತು. ಆ ಮನುಷ್ಯನ ಮುಖದಲ್ಲಿ ನೋವಿತ್ತು, ಕಹಿ ಇರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ವರ್ಷ ಹಲ್ಲು ಕಡಿಯುತ್ತಿರಲಿಲ್ಲ.

ಮುಂದಿನ ವಾರ ಕ್ಯಾಂಟೀನಿನಲ್ಲಿ ಸಭೆ. ಮ್ಯಾನೇಜರು, ಶಾಮಿಯಾನದವರಿಂದ ತಂದ ಕುರ್ಚಿಗಳು, ಟ್ರೇಗಳಲ್ಲಿ ಮೈಸೂರುಪಾಕು. ಕಪ್ ಮೇಜಿನ ಮೇಲಿತ್ತು. ಕ್ಯಾಪ್ಟನ್ ಕೊರಳಲ್ಲಿ ಹಾರ. ಅವರು ಎದ್ದು ನಿಂತು, ಕೊನೆಯ ಆಟ ಎಷ್ಟು ಕಠಿಣವಾಗಿತ್ತೆಂದು ವರ್ಣಿಸಿದರು. "ನಾವು ಮೂವರು ಕೂತು ಶನಿವಾರದಿಂದ ಒಂದೇ ಸಮನೆ ಅನಾಲಿಸಿಸ್ ಮಾಡಿದ್ವಿ. ರಾಜನನ್ನು ಮುಂದೆ ನಡೆಸುವ ಯೋಜನೆ ಹೊಳೆದದ್ದು ಆಗ. ನಮ್ಮ ಈ ಹುಡುಗಿ ಹೇಳಿಕೊಟ್ಟಂತೆ ಚಾಚೂ ತಪ್ಪದೆ ಆಡಿದಳು. ಅವಳನ್ನು ಮೆಚ್ಚಬೇಕು."

ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ನಾನು ಎದ್ದು ನಿಂತದ್ದನ್ನು ಜನ ಕೃತಜ್ಞತೆ ಎಂದುಕೊಂಡರೇನೋ, ಇನ್ನಷ್ಟು ತಟ್ಟಿದರು. ಸದ್ದು ನಿಲ್ಲುವವರೆಗೂ ಕಾದೆ.

"ಇಲ್ಲ ಸಾರ್" ಎಂದೆ. "ನೀವು ಡ್ರಾ ಅಂದ್ರಿ. ನಂಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ಆಟ ಮುಗಿಸೋಕೆ ನೋಡಿದ್ರಿ. ರಾಜನ ದಾರಿ ಹುಡುಕಿದ್ದು ನಾನು ಮತ್ತೆ ಇವಳು." ಪಕ್ಕದಲ್ಲಿದ್ದ ಗೆಳತಿಯ ಹೆಗಲ ಮೇಲೆ ಕೈ ಇಟ್ಟೆ. "ಭಾನುವಾರ ಇವಳ ಮನೇಲಿ ಕೂತು ಹುಡುಕಿದ್ವಿ."

ಮ್ಯಾನೇಜರು ಕಪ್ಪನ್ನು ನೋಡುತ್ತಿದ್ದರು. ಆಮೇಲೆ ಯಾರೋ, "ಸಿಹಿ ಹಂಚ್ರಪ್ಪ" ಎಂದರು, ಎಲ್ಲರೂ ಬದುಕಿಕೊಂಡವರಂತೆ ಟ್ರೇಗಳ ಕಡೆ ತಿರುಗಿದರು.

ಮುಂದಿನ ವರ್ಷದ ತಂಡದಲ್ಲಿ ನನ್ನ ಹೆಸರಿರಲಿಲ್ಲ. ಹೆಣ್ಣುಮಕ್ಕಳನ್ನು ಸಂಜೆ ಹೊತ್ತು ಉಳಿಸಿಕೊಂಡರೆ ಜವಾಬ್ದಾರಿ ಯಾರದ್ದು ಎಂಬ ಕಾರಣ ಕೊಟ್ಟರು. ಅದನ್ನು ಹೇಗೋ ಸಹಿಸಿದೆ. ಸಹಿಸಲಾಗದ್ದು ಇನ್ನೊಂದು. ಗೆಳತಿಯನ್ನು ನಮ್ಮ ಮೇಜಿನಿಂದ ಎತ್ತಿ ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಅಷ್ಟು ಚುರುಕು ಬೆರಳಿನವಳಿಗೆ ಹುಲ್ಲು ತುಂಬಿದ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಕೆಲಸ. ಅವಳು ಏನು ಮಾಡಿದ್ದಳು? ಒಂದು ಭಾನುವಾರ ನನಗೆ ಚೆಕ್ ಕೊಟ್ಟಿದ್ದಳು. ನಾನು ಮ್ಯಾನೇಜರ ಕೋಣೆಗೆ ಹೋಗಿ ಕೇಳಿದೆ, ಎರಡನೆಯ ಸಲ ಹೋದಾಗ ಬಾಗಿಲಲ್ಲೇ ತಡೆದರು. ಅವಳು ಮಾತ್ರ, "ಬಿಡೇ, ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ" ಎನ್ನುತ್ತಿದ್ದಳು. ಊಟದ ಹೊತ್ತಿನಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಮೇಲೆ ಬೋರ್ಡ್ ಹಾಸಿ ಅವಳಿಗೆ ಉಳಿದ ಕಾಯಿಗಳ ನಡೆಯನ್ನೂ ಕಲಿಸಿದೆ. ನೋಡಲು ಬಂದ ಹುಡುಗಿಯರೂ ಕಲಿತರು. ಅವಳು ಮದುವೆಯಾಗಿ ಕೋಲಾರಕ್ಕೆ ಹೋಗುವವರೆಗೂ ಅದು ನಡೆಯಿತು.

ಎಂಬತ್ತರ ದಶಕದ ಮಧ್ಯದಲ್ಲಿ ಒಂದು ಸಂಜೆ ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಅಷ್ಟರಲ್ಲಿ ನಾನು ಆ ಕಾರ್ಖಾನೆ ಬಿಟ್ಟು, ಯಲಹಂಕದ ಒಂದು ಶಾಲೆಯಲ್ಲಿ ಗುಮಾಸ್ತೆಯಾಗಿದ್ದೆ. ಹಿಂದಿನಿಂದ ಯಾರೋ ಕರೆದರು. ಕ್ಯಾಪ್ಟನ್. ನಿವೃತ್ತರಾಗಿದ್ದರು, ಕೋಲು ಹಿಡಿದಿದ್ದರು, ಪಕ್ಕದಲ್ಲಿ ಸೊಸೆ.

"ಇವಳೇ ನೋಡಮ್ಮ, ನಾನು ಹೇಳ್ತಿದ್ನಲ್ಲ" ಎಂದು ಸೊಸೆಗೆ ಹೇಳಿದರು, ಮುಖದ ತುಂಬ ಸಂತೋಷ. "ನಮ್ಮ ತಂಡದ ಹುಡುಗಿ. ಚೆಸ್ ಎಲ್ಲ ನಾನೇ ಕಲಿಸಿದ್ದು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಅವರು ಅದನ್ನು ಪೂರ್ತಿ ನಂಬಿದ್ದರು.

ನನ್ನ ಬಸ್ಸು ಬಂದು ನಿಂತಿತ್ತು. ನಾನು ಹತ್ತಲಿಲ್ಲ. ಆ ಸೊಸೆಯ ಕಡೆ ತಿರುಗಿ, ಶನಿವಾರ ಬೆಳಕಿಗೆ ಅಡ್ಡವಾದದ್ದರಿಂದ ಶುರುಮಾಡಿ, ಫೋನು, ಬಾಳೆಹಣ್ಣು, ಕ್ಯಾಂಟೀನಿನ ಭಾಷಣ, ಗೆಳತಿಯ ಮೊಳೆ ಸುತ್ತಿಗೆ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ದನಿ ಎತ್ತಲಿಲ್ಲ. ಆಕೆ ಒಂದು ಸಲ ಮಾವನ ಮುಖ ನೋಡಿ ಮತ್ತೆ ನನ್ನ ಕಡೆಗೇ ಕಿವಿಗೊಟ್ಟು ನಿಂತಳು.

ಕ್ಯಾಪ್ಟನ್ ಕೋಲನ್ನು ಕೈಯಿಂದ ಕೈಗೆ ಬದಲಾಯಿಸಿದರು. "ಅದನ್ನೆಲ್ಲ ಇನ್ನೂ ಇಟ್ಕೊಂಡಿದ್ದೀಯಾ?"

"ಇಟ್ಕೊಂಡಿದ್ದೀನಿ ಸಾರ್."

ಇನ್ನೊಂದು ಬಸ್ಸು ಬಂತು, ಹತ್ತಿದೆ. ಕಂಡಕ್ಟರ್ ಎಲ್ಲಿಗೆಂದು ಕೇಳಿದ. "ಯಲಹಂಕ" ಎಂದದ್ದು ಎಷ್ಟು ಜೋರಾಗಿತ್ತೆಂದರೆ ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು.